ನೆಲ ತಳ್ಳಿದರೆ ತಾನೇ ಹೆಜ್ಜೆ

ದೀಪಾವಳಿ ಮುಗಿದ ಮೇಲೆ ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ಗೊರೆ ಹಬ್ಬ ನಡೆಯುತ್ತದೆ. ದನ ಕಟ್ಟಿದ ಮನೆಗಳ ಸಗಣಿಯೆಲ್ಲ ಟ್ರ್ಯಾಕ್ಟರಿನಲ್ಲಿ ಬಂದು ಬೀರೇಶ್ವರನ ಗುಡಿಯ ಬಳಿ ಗುಡ್ಡೆ ಬೀಳುತ್ತದೆ. ತಿಪ್ಪೆಯಲ್ಲಿ ಸಿಕ್ಕಿದ ಲಿಂಗದ ಕತೆಯನ್ನು ಊರಿನ ಹಿರಿಯರು ಹೇಳುತ್ತಾರೆ. ದೇವರು ಅಲ್ಲಿಂದ ಬಂದವನು, ಆದ್ದರಿಂದ ಹಬ್ಬವೂ ಅದರಲ್ಲೇ. ಪೂಜೆಯಾದ ಮೇಲೆ ಗಂಡಸರು, ಹುಡುಗರು ಅಂಗಿ ಕಳಚಿ ಇಳಿದು, ಎರಡು ಕೈಯಲ್ಲೂ ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಯಾರಿಗೂ ಯಾರ ಮೇಲೂ ಹಗೆಯಿಲ್ಲ. ಮೈಗೆ ಒಳ್ಳೆಯದು ಎಂದು ನಂಬಿ ಎಸೆಯಿಸಿಕೊಳ್ಳುವವರೇ ಹೆಚ್ಚು.

ಹಬ್ಬ ನೋಡಲು ಬಂದ ಕ್ಯಾಮೆರಾಗಳು ಹಾರಿದ ಉಂಡೆಯ ಬೆನ್ನು ಹತ್ತುತ್ತವೆ. ನೋಡಬೇಕಾದ್ದು ಎಸೆಯುವವನ ಪಾದ. ಗಟ್ಟಿ ನೆಲದ ಮೇಲೆ ನಿಂತು ಎಸೆದಾಗ ಪಾದಕ್ಕೆ ಏನೂ ಆಗದಂತೆ ಕಾಣುತ್ತದೆ. ಒಂದಷ್ಟು ಹೊತ್ತು ತುಳಿದಾಟವಾಗಿ ಸಗಣಿ ನುಣ್ಣಗೆ ಹಸಿಯಾಗಿ ಹರಡಿಕೊಂಡ ಮೇಲೆ ನೋಡಿ: ತೋಳು ಮುಂದಕ್ಕೆ ಬೀಸುತ್ತಿದ್ದ ಹಾಗೆಯೇ ಹಿಮ್ಮಡಿ ಹಿಂದಕ್ಕೆ ಜಾರುತ್ತದೆ, ಹೆಬ್ಬೆರಳು ನೆಲವನ್ನು ಕಚ್ಚಲು ಹವಣಿಸುತ್ತದೆ, ಬೆರಳುಗಳ ಸಂದಿನಲ್ಲಿ ಸಗಣಿ ಉಕ್ಕುತ್ತದೆ. ಅರ್ಧ ಕಿಲೋ ಉಂಡೆಯನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಎಸೆದ 50 ಕಿಲೋ ತೂಕದ ಹುಡುಗ, ಕಾಲಡಿಯಲ್ಲಿ ಹಿಡಿತ ಒಂದಿಷ್ಟೂ ಇಲ್ಲದಿದ್ದರೆ, ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಹಿಂದೆ ಸರಿಯಬೇಕು. ಅವನು ಉಂಡೆಯನ್ನು ತಳ್ಳಿದ ಆ ಗಳಿಗೆಯಲ್ಲೇ ಉಂಡೆ ಅವನನ್ನು ತಳ್ಳಿದೆ, ಅಷ್ಟೇ ಬಲದಿಂದ. ಗಟ್ಟಿ ನೆಲದ ಮೇಲೂ ಹಾಗೇ ತಳ್ಳಿರುತ್ತದೆ. ಅಲ್ಲಿ ನೆಲ ಅವನನ್ನು ಹಿಡಿದುಕೊಂಡಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನ್ಯೂಟನ್ 1687ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದನ್ನು ಮೂರನೆಯ ನಿಯಮವಾಗಿ ಬರೆದ. ತಾಳವಾಡಿಯ ಕನ್ನಡ ಮಾಧ್ಯಮದ ಮಕ್ಕಳೂ ಓದುವ ತಮಿಳುನಾಡಿನ ಹತ್ತನೇ ತರಗತಿಯ ವಿಜ್ಞಾನದಲ್ಲಿ ಮೊದಲ ಪಾಠವೇ ಚಲನೆಯ ನಿಯಮಗಳದ್ದು. ಆ ಪಾಠ ಹೇಳುವಾಗ ಮೂರನೆಯ ನಿಯಮವನ್ನು ಬಾಯಿಪಾಠ ಮಾಡಿಸುವುದು ಐದು ನಿಮಿಷದ ಕೆಲಸ. ಅದನ್ನು ನಂಬುವುದು ಬೇರೆ ಮಾತು. ಎತ್ತಿನ ಗಾಡಿ ನೋಡಿ ಬೆಳೆದ ಹುಡುಗ ಒಂದಲ್ಲ ಒಂದು ದಿನ ಎದ್ದು ನಿಂತು ಕೇಳಿಯೇ ಕೇಳುತ್ತಾನೆ: "ಎತ್ತು ಎಳದಷ್ಟೇ ಗಾಡಿನೂ ಎತ್ತ ಹಿಂದಕ್ಕ ಎಳದ್ರ, ಗಾಡಿ ಯಂಗ್ ಸಾ ಮುಂದಕ್ಕ ಓಯ್ತದ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳಿಲ್ಲ. ನ್ಯೂಟನ್ನನೂ ಈ ನಿಯಮದ ಕೆಳಗೆ ಕೊಟ್ಟ ಉದಾಹರಣೆ ಇಂಥದೇ, ಹಗ್ಗ ಕಟ್ಟಿ ಕಲ್ಲೆಳೆಯುವ ಕುದುರೆಯದು. ಐದಕ್ಕೆ ಐದು ಕಳೆದರೆ ಸೊನ್ನೆ ತಾನೆ ಎಂದು ಹುಡುಗ ಕೇಳುತ್ತಿದ್ದಾನೆ. ಆ ಎರಡು ಐದುಗಳು ಒಂದೇ ವಸ್ತುವಿನ ಮೇಲೆ ಬಿದ್ದಿದ್ದರೆ ಸೊನ್ನೆಯೇ. ಆದರೆ ಒಂದು ಗಾಡಿಯ ಮೇಲೆ ಬಿದ್ದಿದೆ, ಇನ್ನೊಂದು ಎತ್ತಿನ ಮೇಲೆ. ಗಾಡಿ ಹೊರಡುತ್ತದೋ ಇಲ್ಲವೋ ಎಂದು ತಿಳಿಯಲು ಗಾಡಿಯ ಮೇಲೆ ಬಿದ್ದ ಬಲಗಳನ್ನು ಮಾತ್ರ ಕೂಡಿ ಕಳೆಯಬೇಕು: ಎತ್ತಿನ ಎಳೆತ ಮುಂದಕ್ಕೆ, ಚಕ್ರಕ್ಕೂ ಅಚ್ಚಿಗೂ ಬರುವ ತಡೆ ಹಿಂದಕ್ಕೆ. ಎತ್ತಿನ ಲೆಕ್ಕ ಬೇರೆ. ಗಾಡಿ ಅದನ್ನು ಹಿಂದಕ್ಕೆ ಎಳೆಯುತ್ತದೆ ನಿಜ. ಎತ್ತು ಗೊರಸನ್ನು ಊರಿ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಎತ್ತನ್ನು ಮುಂದಕ್ಕೆ ನೂಕುತ್ತದೆ. ನೆಲದ ನೂಕು ಗಾಡಿಯ ಎಳೆತವನ್ನು ಮೀರಿದಾಗ ಎತ್ತು, ನೊಗ, ಗಾಡಿ ಎಲ್ಲವೂ ಒಟ್ಟಿಗೆ ಹೊರಡುತ್ತವೆ.

ಅಂದರೆ ಗಾಡಿಯನ್ನು ಹೊರಡಿಸಿದ್ದು ಯಾರು? ಎತ್ತಿನ ಮೈಯ ಕಸುವಿಲ್ಲದೆ ಏನೂ ಆಗುತ್ತಿರಲಿಲ್ಲ. ಅದು ತಿಂದ ಹುಲ್ಲೇ ಈ ದುಡಿಮೆಯ ಮೂಲ. ಆದರೆ ಎತ್ತನ್ನೂ ಗಾಡಿಯನ್ನೂ ಒಟ್ಟಾಗಿ ಹಿಡಿದು ನೋಡಿದರೆ ಅವೆರಡನ್ನೂ ಹೊರಗಿನಿಂದ ಮುಂದಕ್ಕೆ ತಳ್ಳುತ್ತಿರುವುದು ನೆಲವೊಂದೇ. ನೊಗದ ಹತ್ತಿರದ ಜಗ್ಗಾಟವೆಲ್ಲ ಅವೆರಡರ ಒಳಗಿನದು. ಎತ್ತನ್ನು ನೇತುಹಾಕಿ ಕಾಲು ನೆಲಕ್ಕೆ ತಾಗದಂತೆ ಮಾಡಿದರೆ ಅದು ಎಷ್ಟು ಒದ್ದರೂ ಗಾಡಿ ಕದಲದು. ಹಸಿ ಉಳುಮೆಯ ಹೊಲದಲ್ಲಿ ಎತ್ತು ಬೇಗ ಬಸವಳಿಯುವುದನ್ನು ರೈತರು ಕಂಡಿದ್ದಾರೆ. ಕೆಸರು ಗೊರಸಿನಡಿ ಸರಿದುಹೋಗುತ್ತದೆ, ಅದನ್ನು ಗಟ್ಟಿಯಾಗಿ ಒದೆಯಲಾಗದ್ದರಿಂದ ಮರಳಿ ಸಿಗುವ ನೂಕೂ ಕಡಿಮೆ, ದುಡಿಮೆಯಲ್ಲಿ ಹೆಚ್ಚಿನ ಪಾಲು ಕೆಸರನ್ನು ಕಲಕುವುದಕ್ಕೇ ಹೋಗುತ್ತದೆ. ನಾವು ನಡೆಯುವುದೂ ಹಾಗೆಯೇ. ನಾನು ನಡೆದೆ ಎಂದು ಹೇಳಿಕೊಳ್ಳುವ ಪ್ರತಿ ಹೆಜ್ಜೆಯಲ್ಲೂ ನನ್ನನ್ನು ಮುಂದಕ್ಕೆ ಕಳಿಸಿದ್ದು ಕಾಲಡಿಯ ಮಣ್ಣು.

ಮಣ್ಣು ಹೇಗೆ ತಳ್ಳುತ್ತದೆ? ಅದಕ್ಕೆ ತೋಳಿಲ್ಲ, ಸ್ನಾಯುವಿಲ್ಲ. ಎಷ್ಟು ಬಲಕ್ಕೆ ಎಷ್ಟು ಎದುರು ಬಲ ಕೊಡಬೇಕೆಂದು ಅದಕ್ಕೆ ಹೇಳಿಕೊಡುವವರು ಯಾರು? ನನಗೆ ಇಡೀ ಪಾಠದಲ್ಲಿ ಮೈ ಜುಮ್ಮೆನ್ನಿಸುವ ಜಾಗ ಇದು. ಹಾಸನೂರಿನ ಆಚೆ ಕಾರಪಳ್ಳಂ ಚೆಕ್‌ಪೋಸ್ಟಿನ ಸುತ್ತಮುತ್ತ ಕಬ್ಬಿನ ಲಾರಿಗಳನ್ನು ಆನೆಗಳು ಅಡ್ಡಗಟ್ಟುವುದು ಈ ಕಡೆಯವರಿಗೆಲ್ಲ ಗೊತ್ತು. ನಾಲ್ಕು ಟನ್ ತೂಗುವ ಆನೆ ರಸ್ತೆಯಂಚಿನ ಬಂಡೆಯ ಮೇಲೆ ಕಾಲಿಟ್ಟಿತೆನ್ನಿ. ಬಂಡೆ ಕೂದಲೆಳೆಗಿಂತ ಎಷ್ಟೋ ಸಣ್ಣ ಅಳತೆಯಲ್ಲಿ ತಗ್ಗುತ್ತದೆ. ಅದರೊಳಗಿನ ಅಣುಗಳು ಒಂದಕ್ಕೊಂದು ತುಸು ಹತ್ತಿರವಾಗುತ್ತವೆ, ಅವುಗಳ ಎಲೆಕ್ಟ್ರಾನುಗಳು ಒಂದನ್ನೊಂದು ದೂರ ನೂಕುತ್ತವೆ. ತಗ್ಗು ಹೆಚ್ಚಿದಷ್ಟೂ ನೂಕು ಹೆಚ್ಚು. ಆ ನೂಕು ಆನೆಯ ಭಾರವನ್ನು ಸರಿಗಟ್ಟುವಷ್ಟಾದಾಗ ಬಂಡೆ ತಗ್ಗುವುದು ನಿಲ್ಲುತ್ತದೆ. ಅದೇ ಬಂಡೆಯ ಮೇಲೆ ಇರುವೆ ನಡೆದರೆ ಇರುವೆಗೆ ಬೇಕಾದಷ್ಟೇ ತಗ್ಗುತ್ತದೆ. ಬಂಡೆ ಬಾಗದೆ ಯಾರನ್ನೂ ಹೊರುವುದಿಲ್ಲ. ನಾವು ಜಡ ಎಂದು ಬದಿಗೊತ್ತಿದ ಕಲ್ಲು ತನ್ನ ಮೇಲೆ ಬಂದವರ ತೂಕವನ್ನು ಒಂದು ಪಿಸರೂ ತಪ್ಪದೆ ಅಳೆದು ಹೊರುತ್ತಿದೆ.

ಇಲ್ಲಿ ಒಂದು ತೊಡಕನ್ನು ಬಿಡಿಸಿಬಿಡಬೇಕು, ಪಠ್ಯ ಓದಿದವರೂ ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಆನೆಯ ತೂಕ ಕ್ರಿಯೆ, ಬಂಡೆಯ ಮೇಲ್ಮುಖ ಒತ್ತು ಪ್ರತಿಕ್ರಿಯೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅವೆರಡೂ ಆನೆಯ ಮೇಲೆಯೇ ಬೀಳುವ ಬಲಗಳು, ಆದ್ದರಿಂದ ಅವು ಜೋಡಿಯಾಗಲಾರವು. ಬಂಡೆ ಆನೆಯನ್ನು ಮೇಲಕ್ಕೆ ಒತ್ತುವುದಕ್ಕೆ ಜೋಡಿ, ಆನೆ ಬಂಡೆಯನ್ನು ಕೆಳಕ್ಕೆ ಒತ್ತುವುದು. ಆನೆಯ ತೂಕವೆಂದರೆ ಭೂಮಿ ಆನೆಯನ್ನು ಎಳೆಯುವುದು. ಅದರ ಜೋಡಿ ಎಲ್ಲಿ? ಆನೆ ಭೂಮಿಯನ್ನು ಎಳೆಯುವುದರಲ್ಲಿ. ಇಡೀ ಭೂಮಿಯನ್ನು, ಅದರ ಸಮುದ್ರ ಪರ್ವತಗಳ ಸಮೇತ, ಆ ಒಂದು ಆನೆ ನಾಲ್ಕು ಟನ್ ಬಲದಿಂದ ತನ್ನ ಕಡೆಗೆ ಎಳೆಯುತ್ತಿದೆ.

ಇದನ್ನು ಒಪ್ಪಿದರೆ ಹಿತ್ತಿಲ ಹಲಸಿನ ಹಣ್ಣು ಬಿದ್ದಾಗ ಭೂಮಿಯೂ ಅದರ ಕಡೆಗೆ ಏಳುತ್ತದೆ ಎಂದೂ ಒಪ್ಪಬೇಕು. 10 ಕಿಲೋ ಹಣ್ಣು 6 ಮೀಟರ್ ಬಿದ್ದರೆ ಭೂಮಿ ಏಳುವುದು ಪ್ರೋಟಾನೊಂದರ ಅಗಲದ ಹತ್ತು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಯಾವ ಉಪಕರಣವೂ ಅದನ್ನು ಅಳೆಯಲಾರದು. ಆದರೂ ಅದು ಸೊನ್ನೆಯಲ್ಲ. ಬಲ ಎರಡು ಕಡೆಗೂ ಸಮ. ಕದಲುವ ಪ್ರಮಾಣ ಮಾತ್ರ ಆಯಾ ವಸ್ತುವಿನ ದ್ರವ್ಯರಾಶಿಗೆ ತಕ್ಕಂತೆ ಬೇರೆ. ದೊಡ್ಡದು ಚಿಕ್ಕದನ್ನು ಹೆಚ್ಚು ಎಳೆಯುತ್ತದೆ, ಚಿಕ್ಕದು ದೊಡ್ಡದನ್ನು ಕಡಿಮೆ ಎಳೆಯುತ್ತದೆ ಎಂಬ ನಮ್ಮ ಊಹೆಗೆ ಪ್ರಕೃತಿಯಲ್ಲಿ ಜಾಗವೇ ಇಲ್ಲ.

ಈ ನಿಯಮವನ್ನು ಸೇಡಿನ ಸಮರ್ಥನೆಗೆ ಎಳೆದು ತರುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಅವರು ಹೊಡೆದರು, ಇವರು ತಿರುಗಿ ಹೊಡೆದರು, ಇದು ವಿಜ್ಞಾನದ ನಿಯಮವೇ ಅಲ್ಲವೇ ಎಂದು ವೇದಿಕೆಯ ಮೇಲೆ ನಿಂತು ಹೇಳುವವರಿದ್ದಾರೆ. ಸೇಡು ಆಮೇಲೆ ಬರುತ್ತದೆ, ಯಾರ ಮೇಲೋ ಬೀಳುತ್ತದೆ, ಎಂದೂ ಸಮವಾಗಿರುವುದಿಲ್ಲ. ನ್ಯೂಟನ್ನನ ಜೋಡಿಯಲ್ಲಿ ಮೊದಲನೆಯದು ಎರಡನೆಯದು ಎಂಬುದೇ ಇಲ್ಲ. ಎರಡೂ ಒಂದೇ ಕ್ಷಣ ಹುಟ್ಟುತ್ತವೆ, ಒಂದೇ ಕ್ಷಣ ಮುಗಿಯುತ್ತವೆ. ನಾನು ಗೋಡೆಯನ್ನು ಮುಟ್ಟಿದೆನೋ ಗೋಡೆ ನನ್ನನ್ನು ಮುಟ್ಟಿತೋ ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ.

ಇನ್ನು ದಿಕ್ಕಿನ ಮಾತು. ಬಲವನ್ನು ಎಷ್ಟು ಎಂದು ಹೇಳಿದರೆ ಸಾಲದು, ಎತ್ತ ಎಂದೂ ಹೇಳಬೇಕು. ಅದಕ್ಕೇ ಅದು ಸದಿಶ. ಇದನ್ನು ಕಲಿಯಲು ದಿಂಬಂ ಘಾಟಿಗಿಂತ ಒಳ್ಳೆಯ ಶಾಲೆ ಬೇಕಿಲ್ಲ. ಬೆಟ್ಟದ ಬುಡದಲ್ಲಿ ಬಣ್ಣಾರಿ ಅಮ್ಮನ ಗುಡಿ, ನೆತ್ತಿಯಲ್ಲಿ ದಿಂಬಂ, ನಡುವೆ 27 ಹೇರ್‌ಪಿನ್ ತಿರುವುಗಳು. ಮೈಸೂರು, ಚಾಮರಾಜನಗರದ ಕಡೆಯಿಂದ ಸತ್ಯಮಂಗಲ, ಕೊಯಮತ್ತೂರಿಗೆ ಹೋಗುವ ಲಾರಿಗಳು ಹುಲಿಗಳ ಕಾಡಿನ ನಡುವಿನ ಈ ದಾರಿಯಲ್ಲಿ ಇಳಿಯುತ್ತವೆ. ಕಾಡುಪ್ರಾಣಿಗಳ ಸಲುವಾಗಿ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಹಗಲಿನ ಸಾಲು ಇನ್ನಷ್ಟು ಉದ್ದವಾಗಿದೆ. ತಿರುವಿನ ತಡೆಗೋಡೆಯ ಪಕ್ಕ ನಿಂತರೆ ಬ್ರೇಕ್ ಕಾದ ವಾಸನೆ ಮೂಗಿಗೆ ಅಡರುತ್ತದೆ.

ಲಾರಿಯ ತೂಕ ನೇರ ಕೆಳಕ್ಕೆ, ಭೂಮಿಯ ನಡುವಿನ ಕಡೆಗೆ. ರಸ್ತೆಯಾದರೋ ಓರೆ. ಆ ಒಂದು ತೂಕವನ್ನು ಎರಡು ಘಟಕಗಳಾಗಿ ಒಡೆದು ನೋಡಬಹುದು: ಒಂದು ರಸ್ತೆಯನ್ನು ಒತ್ತುತ್ತದೆ, ಇನ್ನೊಂದು ರಸ್ತೆಯ ಗುಂಟ ಕೆಳಕ್ಕೆ ಜಗ್ಗುತ್ತದೆ. 20 ಅಡಿ ಸಾಗಿದರೆ ಒಂದಡಿ ಏರುವ ದಾರಿಯಲ್ಲಿ 20 ಟನ್ ಲಾರಿಯನ್ನು ಜಗ್ಗುವ ಪಾಲು ಒಂದು ಟನ್. ಬೆಟ್ಟವನ್ನು ನೇರವಾಗಿ ಏರುವ, ಮೂರಡಿಗೆ ಒಂದಡಿ ಎತ್ತರದ ದಾರಿ ಮಾಡಿದ್ದರೆ ಆ ಪಾಲು ಆರೂವರೆ ಟನ್ನಿಗೂ ಮೇಲೆ. ಬೆಟ್ಟದ ಎತ್ತರ ಅಷ್ಟೇ ಇದೆ, ಲಾರಿಯ ತೂಕ ಅಷ್ಟೇ ಇದೆ. ದಾರಿ ಸುತ್ತಿದಷ್ಟೂ ಜಗ್ಗಾಟ ತೆಳುವಾಗುತ್ತದೆ. 27 ತಿರುವುಗಳ ಗುಟ್ಟು ಇಷ್ಟೆ.

ಈ ಗುಟ್ಟನ್ನು ಮೊದಲು ಬಿಡಿಸಿದವರಲ್ಲಿ ಒಬ್ಬ ಫ್ಲಾಂಡರ್ಸಿನ ಸೈಮನ್ ಸ್ಟೆವಿನ್. 1586ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಒಂದು ಚಿತ್ರವಿದೆ. ಒಂದು ಮಗ್ಗುಲು ಇನ್ನೊಂದರ ಎರಡರಷ್ಟು ಉದ್ದವಿರುವ ತ್ರಿಕೋನ. ಅದರ ಮೇಲಿಂದ ಇಳಿಬಿಟ್ಟ 14 ಗುಂಡುಗಳ ಸರ. ಉದ್ದನೆಯ ಇಳಿಜಾರಿನ ಮೇಲೆ ನಾಲ್ಕು ಗುಂಡು, ಗಿಡ್ಡ ಇಳಿಜಾರಿನ ಮೇಲೆ ಎರಡು, ಉಳಿದವು ಕೆಳಗೆ ತೂಗುತ್ತವೆ. ನಾಲ್ಕು ಗುಂಡುಗಳ ಕಡೆಗೆ ಸರ ಜಾರಿತು ಎಂದುಕೊಳ್ಳಿ. ಜಾರಿದ ಮೇಲೂ ಅಲ್ಲಿ ನಾಲ್ಕೇ, ಇಲ್ಲಿ ಎರಡೇ. ಹಾಗಾದರೆ ಸರ ಯುಗಾಂತರದವರೆಗೆ ತಾನಾಗಿಯೇ ಸುತ್ತುತ್ತಲೇ ಇರಬೇಕು. ಅದು ಆಗದ ಮಾತು. ಆದ್ದರಿಂದ ಸರ ಕದಲುವುದಿಲ್ಲ, ಓರೆಯ ಮೇಲಿನ ನಾಲ್ಕು ಕಡಿದಾದ ಮಗ್ಗುಲಿನ ಎರಡಕ್ಕೆ ಸಮ. ಒಂದು ಅಳತೆಯನ್ನೂ ಮಾಡದೆ, ಚಿತ್ರವನ್ನು ನೋಡುತ್ತಲೇ ಅವನು ಇಲ್ಲಿಗೆ ಮುಟ್ಟಿದ. ಚಿತ್ರದ ಸುತ್ತ, ಇದು ಬೆರಗೆಂದು ಕಂಡರೂ ಬೆರಗಲ್ಲ ಎಂಬ ಅರ್ಥದ ಮಾತನ್ನೂ ಕೆತ್ತಿಸಿದ. ಸ್ಟೆವಿನ್ನನ ಬಗ್ಗೆ ಅಪಾರ ಗೌರವವಿಟ್ಟುಕೊಂಡೂ ಈ ಒಂದು ಮಾತನ್ನು ನಾನು ಒಪ್ಪಲಾರೆ. ತಿಳಿಯುವ ಮೊದಲು ನನಗೆ ಆ ಸರದಲ್ಲಿ ಬೆರಗೇನೂ ಇರಲಿಲ್ಲ, ಅದೊಂದು ಗುಂಡಿನ ಸರ ಅಷ್ಟೆ. ತಿಳಿದ ಮೇಲೆ ಪ್ರತಿ ಘಾಟಿಯ ತಿರುವಿನಲ್ಲೂ ಅದು ಕಾಣುತ್ತದೆ.

ಬಲದ ದಿಕ್ಕನ್ನು ತಿರುಗಿಸಿ ಕೆಲಸ ತೆಗೆಯುವುದನ್ನು ಬೇಸಾಯಗಾರರು ಸದಿಶದ ಹೆಸರು ಕೇಳುವ ಮೊದಲೇ ಬಲ್ಲರು. ಬೋರ್‌ವೆಲ್ ಬರುವ ಮುಂಚೆ ಬಾವಿಗಳಲ್ಲಿ ಕಪಿಲೆ ಇತ್ತು. ಎತ್ತುಗಳು ಬಾವಿಯಿಂದ ಆಚೆಗೆ ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ಗಾಲಿಯ ಮೇಲಿನ ಹಗ್ಗ ನೀರು ತುಂಬಿದ ಬಾನಿಯನ್ನು ಮೇಲಕ್ಕೆ ತರುತ್ತಿತ್ತು. ದಾರಿಯನ್ನು ಇಳಿಜಾರು ಮಾಡಿದ್ದರಲ್ಲೇ ಜಾಣತನವೆಲ್ಲ ಇದೆ. ಎತ್ತಿನ ತೂಕದ ಒಂದು ಪಾಲು, ದಿಂಬಂನಲ್ಲಿ ಲಾರಿಯನ್ನು ಕೆಳಕ್ಕೆ ಜಗ್ಗುವ ಅದೇ ಪಾಲು, ಇಲ್ಲಿ ನೀರೆತ್ತುವ ಕೆಲಸಕ್ಕೆ ಸೇರಿಕೊಳ್ಳುತ್ತದೆ. ಕಪಿಲೆ ಹೊಡೆಯುವವನು ಎಷ್ಟೋ ಸಲ ಹಗ್ಗದ ಮೇಲೆ ತಾನೂ ಕುಳಿತು ಇಳಿಯುತ್ತಿದ್ದ. ಅವನ ತೂಕವೂ ಬಾನಿಗೆ ನೆರವಾಗುತ್ತಿತ್ತು.

ಕೆಸರಿನಲ್ಲಿ ಹೂತ ಜೀಪನ್ನು ಎಬ್ಬಿಸುವ ಒಂದು ಉಪಾಯವೂ ಇದೇ ಕುಲದ್ದು. ಜೀಪಿನಿಂದ ಎದುರಿನ ಮರಕ್ಕೆ 20 ಅಡಿ ಹಗ್ಗವನ್ನು ಬಿಗಿಯಾಗಿ ಕಟ್ಟಿ, ನಟ್ಟ ನಡುವೆ ಅಡ್ಡಲಾಗಿ ತಳ್ಳಬೇಕು. ನಡು ಒಂದಡಿ ಪಕ್ಕಕ್ಕೆ ಸರಿದಾಗ ಹಗ್ಗದ ಬಿಗಿ ತಳ್ಳಿದ ಬಲದ ಐದರಷ್ಟಾಗಿರುತ್ತದೆ. ಒಬ್ಬನ ತೋಳು ಐದು ಜನರ ತೋಳಾಗುತ್ತದೆ. ಅದಕ್ಕೆ ಬದಲಾಗಿ ಜೀಪು ಕದಲುವುದು ಒಂದೆರಡು ಅಂಗುಲ ಮಾತ್ರ, ಮತ್ತೆ ಹಗ್ಗ ಬಿಗಿಯಬೇಕು. ಹಗ್ಗದ ಎರಡು ಅರ್ಧಗಳು ಹೆಚ್ಚುಕಡಿಮೆ ಎದುರುಬದುರಾಗಿ ಎಳೆಯುತ್ತವೆ, ಆದ್ದರಿಂದ ಅವುಗಳ ಬಹುಪಾಲು ಒಂದನ್ನೊಂದು ತಿಂದುಹಾಕುತ್ತದೆ. ನಮ್ಮ ತಳ್ಳುವಿಕೆಗೆ ಎದುರಾಗಿ ಉಳಿಯುವುದು ಒಂದು ಚೂರು. ಮರ ಸುಮ್ಮನೆ ನಿಂತಿದೆ ಎನ್ನುತ್ತೇವೆ. ಜೀಪು ಹಗ್ಗದಿಂದ ಪಡೆಯುವಷ್ಟೇ ಎಳೆತವನ್ನು ಮರವೂ ಬೇರು ಬಿಗಿದು ತಡೆದುಕೊಳ್ಳುತ್ತಿದೆ.

ಭೂಮಿ ಹಲಸಿನ ಹಣ್ಣಿನ ಕಡೆಗೆ ಏಳುತ್ತದೆ ಎಂದಾಗ ಇದೆಲ್ಲ ಬರೀ ಕಾಗದದ ಮಾತು ಎನಿಸಿರಬಹುದು. ಆದರೆ ಇಂಥದೇ ಒಂದು ಅಲುಗಾಟವನ್ನು ಹಿಡಿದು ಮನುಷ್ಯ ಹೊಸ ಲೋಕಗಳನ್ನು ಕಂಡಿದ್ದಾನೆ. ನಕ್ಷತ್ರ ಗ್ರಹವನ್ನು ಎಳೆದು ಸುತ್ತಿಸುವಾಗ ಗ್ರಹವೂ ನಕ್ಷತ್ರವನ್ನು ಅಷ್ಟೇ ಬಲದಿಂದ ಎಳೆಯಬೇಕು, ನಕ್ಷತ್ರವೂ ಸಣ್ಣದೊಂದು ಸುತ್ತು ಹಾಕಬೇಕು. ಖಗೋಳವಿಜ್ಞಾನಿಗಳಾದ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 1995ರಲ್ಲಿ 51 ಪೆಗಾಸಿ ಎಂಬ ನಕ್ಷತ್ರದ ಬೆಳಕಿನಲ್ಲಿ ಹುಡುಕಿದ್ದು ಇದನ್ನೇ. ಅದು ಸೆಕೆಂಡಿಗೆ ಸುಮಾರು 55 ಮೀಟರ್ ವೇಗದಲ್ಲಿ ನಮ್ಮ ಕಡೆಗೆ ಬರುತ್ತ, ದೂರ ಸರಿಯುತ್ತ, ನಾಲ್ಕು ದಿನಕ್ಕೊಮ್ಮೆ ಓಲಾಡುತ್ತಿತ್ತು. ಗ್ರಹವನ್ನು ಅವರು ಕಣ್ಣಿಂದ ನೋಡಲಿಲ್ಲ. ಅದು ತನ್ನ ಒಡೆಯನನ್ನು ಎಳೆದಾಡಿದ್ದನ್ನು ನೋಡಿದರು. 2019ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಅರ್ಧ ಪಾಲು ಇದಕ್ಕೆ ಸಂದಿತು. ನಮ್ಮ ಭೂಮಿಯೂ ಸೂರ್ಯನನ್ನು ಹೀಗೆ ಓಲಾಡಿಸುತ್ತಿದೆ, ಸೆಕೆಂಡಿಗೆ ಸುಮಾರು 9 ಸೆಂಟಿಮೀಟರ್ ವೇಗದಲ್ಲಿ. ಗುಮಟಾಪುರದ ಹುಡುಗ ಉಂಡೆ ಎಸೆದು ಹಿಂದೆ ಜಾರುವ ವೇಗವೂ ಹೆಚ್ಚುಕಡಿಮೆ ಅದೇ. ಈ ಎರಡು ಸಂಖ್ಯೆಗಳು ಹತ್ತಿರ ಬಂದದ್ದು ಕಾಕತಾಳೀಯ, ಆದರೂ ನನಗೆ ಆ ನೆನಪಿನಿಂದ ಸುಖವಾಗುತ್ತದೆ.

ಇಷ್ಟಾದ ಮೇಲೂ ನಿಯಮ ಇಲ್ಲಿಗೆ ಮುಗಿಯುವುದಿಲ್ಲ. ಎರಡೂ ಒಂದೇ ಕ್ಷಣ ಎಂದೆ. ಮುಟ್ಟಿಕೊಂಡಿರುವ ವಸ್ತುಗಳಿಗೆ ಆ ಮಾತು ಸಾಕು. ಬೆಳಕಿಗೆ ಸಾಲದು. ಬೆಳಕೂ ತಳ್ಳುತ್ತದೆ, ರಷ್ಯಾದ ಲೆಬೆಡೆವ್ ಆ ಒತ್ತಡವನ್ನು ಅಳೆದು 1901ರಲ್ಲಿ ಪ್ರಕಟಿಸಿದ. ಸೂರ್ಯನ ಬೆಳಕು ಇಡೀ ಭೂಮಿಯನ್ನು ಒತ್ತುವ ಬಲ ಸುಮಾರು 60 ಸಾವಿರ ಟನ್ ತೂಕದಷ್ಟು. ಸೂರ್ಯನಿಂದ ಹೊರಟ ಬೆಳಕಿನ ತುಣುಕು ಹೊರಡುವಾಗಲೇ ಸೂರ್ಯನನ್ನು ಹಿಂದಕ್ಕೆ ನೂಕಿರುತ್ತದೆ. ಅದು ಬಂದು ತಟ್ಟುವ ಎಲೆಗೆ ಇನ್ನೂ ಏನೂ ಆಗಿಲ್ಲ. 8 ನಿಮಿಷ 20 ಸೆಕೆಂಡು ಕಾಯಬೇಕು. ಆ ಹೊತ್ತಿನಲ್ಲಿ ಸೂರ್ಯನಿಗೆ ಬಿದ್ದ ನೂಕಿಗೆ ಎದುರು ನೂಕು ಎಲ್ಲಿದೆ? ಎಲೆಯ ಬಳಿಯೂ ಇಲ್ಲ, ಸೂರ್ಯನ ಬಳಿಯೂ ಇಲ್ಲ. ಬರಿದಾದ ಆಕಾಶದಲ್ಲಿ ಸಾಗುತ್ತಿರುವ ಬೆಳಕೇ ಅದನ್ನು ಸಂವೇಗವಾಗಿ, ಅಂದರೆ ಚಲನೆಯ ಹೊರೆಯಾಗಿ, ಹೊತ್ತು ತರುತ್ತಿದೆ, ಕೊಡಬೇಕಾದವರಿಗೆ ತಲುಪಿಸುವ ತನಕ. ಬೆಳಕಿಗೆ ದ್ರವ್ಯರಾಶಿಯಿಲ್ಲ, ಹೊರೆ ಮಾತ್ರ ಇದೆ. ಜಪಾನಿನವರು 2010ರಲ್ಲಿ ಹಾರಿಸಿದ ಇಕಾರೊಸ್ ನೌಕೆ 14 ಮೀಟರ್ ಅಗಲ, 14 ಮೀಟರ್ ಉದ್ದದ ತೆಳು ಹಾಯಿಯನ್ನು ಬಿಚ್ಚಿ ಈ ಹೊರೆಯನ್ನು ಎದುರುಗೊಂಡಿತು. ಅಷ್ಟು ದೊಡ್ಡ ಹಾಯಿಗೆ ಸಿಕ್ಕ ನೂಕು ನೆಲದ ಮೇಲೆ ಗ್ರಾಮಿನ ಹತ್ತರಲ್ಲಿ ಒಂದು ಪಾಲು ತೂಗುವಷ್ಟು, ಮತ್ತು ಆ ನೂಕಿನಿಂದ ಅದು ನಿಜವಾಗಿಯೂ ವೇಗ ಪಡೆಯಿತು.